ಹಳೇ ಸ್ಕೂಬಾ ಸೆಟ್ ಕೊಳ್ಳುವ ಮುಂಚೆ ದಯವಿಟ್ಟು ಇದನ್ನು ಓದಿ

ಕೋಪದಲ್ಲೇ ಬರೆಯುತ್ತಿದ್ದೇನೆ, ಉದ್ದ ಆದರೆ ಸಹಿಸಿಕೊಳ್ಳಿ. ಮೂರು ವಾರದಿಂದ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನಾಚಿಕೆಯಾಗುತ್ತಿತ್ತು. ಆದರೆ ನನಗೆ ಸೆಟ್ ಮಾರಿದ ಮನುಷ್ಯ ನಿನ್ನೆ ಇನ್ನೊಂದು ಸೆಟ್ ಮಾರಾಟಕ್ಕೆ ಹಾಕಿದ್ದಾನೆ. ಅದೇ ಮಾತು. "ಐದೇ ಸಲ ಬಳಸಿದ್ದು, ಈಗಷ್ಟೇ ಸರ್ವಿಸ್ ಆಗಿದೆ, ಹೊಸಬರಿಗೆ ಹೇಳಿ ಮಾಡಿಸಿದ ಹಾಗಿದೆ." ನನಗೂ ಅಕ್ಷರಶಃ ಇದನ್ನೇ ಹೇಳಿದ್ದ. ಇನ್ನು ಸುಮ್ನೆ ಇದ್ದರೆ ತಪ್ಪಾಗುತ್ತೆ.

ನಾನು ಆಗಷ್ಟೇ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿ ಇಳಿಯುವುದರ ಮೊದಲ ಕೋರ್ಸ್ ಮುಗಿಸಿದ್ದೆ. 18 ಮೀಟರ್ ಆಳದವರೆಗೆ ಹೋಗಲು ಬಿಡುತ್ತಾರಲ್ಲ, ಅದು. ಕಲಿಸಿದವರು ಕೊನೆಯ ದಿನ ಬಿಡಿಸಿ ಹೇಳಿದ್ದರು. "ಮೊದಲು ಮಾಸ್ಕ್ ಒಂದು ಸ್ವಂತದ್ದು ತಗೊಳ್ಳಿ. ಉಳಿದದ್ದು ಬಾಡಿಗೆಗೆ ಸಿಗುತ್ತೆ. ಒಂದಿಪ್ಪತ್ತು ಡೈವ್ ಆಗಲಿ, ನಿಮಗೆ ಏನು ಬೇಕು ಅಂತ ಆಮೇಲೆ ನಿಮಗೇ ಗೊತ್ತಾಗುತ್ತೆ." ಕೇಳಬೇಕಿತ್ತು. ನನಗೆ ತಡೆಯಲಾಗಲಿಲ್ಲ. ಸ್ವಂತ ಸೆಟ್ ಇರಬೇಕು ಅನ್ನೋ ಆಸೆ ತಲೆಗೇರಿತ್ತು, ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಅದನ್ನೇ ನೋಡುತ್ತಿದ್ದೆ. ಆಗ ಈ ಜಾಹೀರಾತು ಕಣ್ಣಿಗೆ ಬಿತ್ತು. ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಉಸಿರಾಡುವ ಹಾಗೆ ಬಾಯಿಗೆ ಕೊಡುವ ಸಾಧನ), ಬಿಸಿಡಿ (ತೇಲುವುದು, ಮುಳುಗುವುದನ್ನು ಹತೋಟಿಯಲ್ಲಿಡಲು ಗಾಳಿ ತುಂಬುವ ಜಾಕೆಟ್), ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡುವ ಪುಟ್ಟ ಯಂತ್ರ), ಚಳಿ ತಡೆಯಲು 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ), ಮಾಸ್ಕ್, ಎಲ್ಲ ಸೇರಿ ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ. ನನ್ನ ಪಾಲಿಗೆ ಅದೂ ಒಂದು ವರ್ಷ ಕೂಡಿಟ್ಟ ದುಡ್ಡು.

ಮೆಸೇಜ್ ಮಾಡಿದೆ. ಐದು ನಿಮಿಷದಲ್ಲಿ ಉತ್ತರ ಬಂತು. "ಮೇಡಂ, ಇನ್ನೂ ಮೂರು ಜನ ಕೇಳಿದ್ದಾರೆ. ನೀವು ಈಗ ತಾನೇ ಕಲಿತವರು ಅಂತೀರಿ, ಅದಕ್ಕೆ ನಿಮಗೇ ಕೊಡೋಣ ಅಂತ." ಆ ಮೂರು ಜನ ಇದ್ದರೋ ಇಲ್ಲವೋ ದೇವರಿಗೇ ಗೊತ್ತು. ಸರ್ವಿಸ್ ಮಾಡಿಸಿದ ಚೀಟಿ ಇದೆಯಾ ಅಂತ ಕೇಳಿದೆ. "ಚೀಟಿ ಎಲ್ಲೋ ಇದೆ, ಹುಡುಕಿ ಕೊಡ್ತೀನಿ" ಅಂದ. ಇವತ್ತಿಗೂ ಸಿಕ್ಕಿಲ್ಲ.

ನೋಡಲು ಹೋದೆ. ಬಹಳ ಮರ್ಯಾದೆಯಿಂದ ಮಾತಾಡಿಸಿದ. ಒಂದು ಸಿಲಿಂಡರ್ ತಂದು, ರೆಗ್ಯುಲೇಟರ್ ಜೋಡಿಸಿ, ವಾಲ್ವ್ ತಿರುಗಿಸಿ, ಸೆಕೆಂಡ್ ಸ್ಟೇಜ್, ಅಂದರೆ ಬಾಯಿಗೆ ಇಟ್ಟುಕೊಳ್ಳುವ ಸಣ್ಣ ಡಬ್ಬಿ, ನನ್ನ ಕೈಗೇ ಕೊಟ್ಟ. "ಉಸಿರು ಎಳೆದು ನೋಡಿ ಮೇಡಂ. ಬರ್ತಾ ಇದೆ ಅಲ್ವಾ?" ಬರ್ತಾ ಇತ್ತು. ನೆಲದ ಮೇಲೆ ನಿಂತು ನಿಧಾನಕ್ಕೆ ಉಸಿರೆಳೆದರೆ ಎಂಥ ರೆಗ್ಯುಲೇಟರ್‌ನಿಂದಲೂ ಗಾಳಿ ಬರುತ್ತೆ, ಅದು ಈಗ ಗೊತ್ತಾಗಿದೆ. ನೀರಿನಲ್ಲಿ ಹತ್ತು ಮೀಟರ್ ಕೆಳಗೆ ಹೋದರೆ ಒತ್ತಡ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು. ಅಂದರೆ ಪ್ರತಿ ಉಸಿರಿಗೂ ಆ ಸಣ್ಣ ಡಬ್ಬಿ ಅಷ್ಟು ಪಟ್ಟು ಜಾಸ್ತಿ ಗಾಳಿ ಕೊಡಬೇಕು. ಅಲ್ಲೇ ಅದರ ನಿಜಬಣ್ಣ ಬಯಲಾಗೋದು.

ಈಗ ಹೇಳಲು ನಾಚಿಕೆಯಾಗುವ ವಿಷಯಕ್ಕೆ ಬರುತ್ತೇನೆ. ನಾನು ಉಸಿರೆಳೆಯುವಾಗ ಗೇಜ್ ಕಡೆ, ಅಂದರೆ ಸಿಲಿಂಡರ್ ಗಾಳಿಯ ಒತ್ತಡ ತೋರಿಸುವ ಮೀಟರ್ ಕಡೆ ನೋಡಿದೆ. ನಮಗೆ ಮೊದಲ ದಿನವೇ ಕಲಿಸಿದ್ದರು. ಬಾಯಿಂದ ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ, ಕಣ್ಣು ಗೇಜಿನ ಮೇಲಿರಲಿ, ಮುಳ್ಳು ಅಲುಗಾಡಬಾರದು. ಅಲ್ಲಿ ಮುಳ್ಳು ಅಲುಗಾಡಿತು. ಪ್ರತಿ ಉಸಿರಿಗೂ 180 ಬಾರ್‌ನಿಂದ 150ರ ಹತ್ತಿರಕ್ಕೆ ಇಳಿದು, ಉಸಿರು ಬಿಟ್ಟಾಗ ಮತ್ತೆ ಮೇಲೆ ಬರುತ್ತಿತ್ತು. ಕಣ್ಣಾರೆ ನೋಡಿದೆ. ಕೇಳಿಯೂ ಕೇಳಿದೆ. "ಇದೇನು ಹೀಗೆ ಆಡ್ತಾ ಇದೆ?" ಅವನು ನಕ್ಕು, ನನ್ನ ಕೈಯಿಂದ ಗೇಜ್ ತಗೊಂಡು ತಿರುಗಿಸಿ ಹಿಡಿದ. "ಅಯ್ಯೋ, ಇದು ಎಲ್ಲಾ ಗೇಜ್‌ನಲ್ಲೂ ಇರುತ್ತೆ. ನೀವು ಹೊಸಬರು, ಅದಕ್ಕೆ ಹೆದರಿಕೆ."

ನೀವು ಹೊಸಬರು. ಆ ಒಂದು ಮಾತಿಗೆ ನಾನು ಬಾಯಿ ಮುಚ್ಚಿಕೊಂಡೆ. ಇನ್ನೊಂದು ಪ್ರಶ್ನೆ ಕೇಳಿದರೆ ಏನೂ ಗೊತ್ತಿಲ್ಲದವಳು ಅಂದುಕೊಳ್ಳುತ್ತಾನೆ ಅನ್ನಿಸಿತು. ಗೊತ್ತಿದ್ದೂ ಸುಮ್ಮನಾದೆ, ದುಡ್ಡು ಕೊಟ್ಟೆ, ಚೀಲ ಹೊತ್ತು ಬಂದೆ.

ವಾರದ ನಂತರ ಈಜುಕೊಳದಲ್ಲಿ ಅಭ್ಯಾಸವಿತ್ತು. ಹೊಸ ಸೆಟ್ ತೋರಿಸುವ ಖುಷಿಯಲ್ಲಿದ್ದೆ. ಇಳಿಯುವ ಮುಂಚೆ ಒಬ್ಬರದ್ದೊಬ್ಬರು ಪರೀಕ್ಷೆ ಮಾಡುತ್ತೇವಲ್ಲ, ಆಗ ಕಲಿಸುವವರು ನನ್ನ ಗೇಜ್ ನೋಡಿ ಅಲ್ಲೇ ನಿಲ್ಲಿಸಿದರು. ವಾಲ್ವ್ ಪೂರ್ತಿ ತೆರೆದಿದೆಯಾ ಅಂತ ಕೈ ಹಾಕಿ ನೋಡಿದರು. ತೆರೆದಿತ್ತು. ಅದೇ ಸಿಲಿಂಡರ್‌ಗೆ ತಮ್ಮ ರೆಗ್ಯುಲೇಟರ್ ಹಾಕಿ ಉಸಿರೆಳೆದರು. ಮುಳ್ಳು ಕಲ್ಲಿನ ಹಾಗೆ ನಿಂತಿತ್ತು. ಮತ್ತೆ ನನ್ನದು ಹಾಕಿದರು. ಮುಳ್ಳು ಮತ್ತೆ ಕುಣಿಯಿತು. "ಇದನ್ನು ನೀರಿಗೆ ಇಳಿಸಬೇಡಿ" ಅಂದರು ಅಷ್ಟೇ. ನನ್ನ ಜೊತೆ ಕಲಿತವರೆಲ್ಲ ಸುತ್ತ ನಿಂತಿದ್ದರು. ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ರಿಪೇರಿಯವರ ಹತ್ತಿರ ಒಯ್ದೆ. ಸಿಲಿಂಡರ್‌ಗೆ ಕೂರುವ ಭಾಗ ಇದೆಯಲ್ಲ, ಫಸ್ಟ್ ಸ್ಟೇಜ್, ಅದರ ಬಾಯಿಯಲ್ಲೇ ಒಂದು ಪುಟ್ಟ ಲೋಹದ ಫಿಲ್ಟರ್ ಇರುತ್ತೆ. ಅವರು ಏನನ್ನೂ ಬಿಚ್ಚುವ ಮುಂಚೆ ಟಾರ್ಚ್ ಹಿಡಿದು ಅದನ್ನು ನನಗೆ ತೋರಿಸಿದರು. ಹಸಿರು. ಹಳೇ ತಾಮ್ರದ ಚೊಂಬಿಗೆ ಕಿಲುಬು ಹಿಡಿಯುತ್ತಲ್ಲ, ಆ ಹಸಿರು. ಸರಿಯಾಗಿದ್ದರೆ ಅದು ಬೆಳ್ಳಿ ಅಥವಾ ಹಿತ್ತಾಳೆ ಬಣ್ಣದಲ್ಲಿ ಶುಭ್ರವಾಗಿರಬೇಕಂತೆ. ಹಸಿರು ಅಂದರೆ ಉಪ್ಪುನೀರು ಒಳಗೆ ಹೋಗಿದೆ. ಡೈವ್ ಮುಗಿಸಿ ತೊಳೆಯುವಾಗ ಮುಚ್ಚಳ ಹಾಕದೆ ನೀರಲ್ಲಿ ಮುಳುಗಿಸಿರುತ್ತಾರೆ, ಅದೂ ಒಂದು ಸಲ ಅಲ್ಲ. ಆ ಫಿಲ್ಟರ್ ಅರ್ಧ ಕಟ್ಟಿಕೊಂಡಿದ್ದಕ್ಕೇ ಪ್ರತಿ ಉಸಿರಿಗೂ ಮುಳ್ಳು ಇಳಿಯುತ್ತಿತ್ತು. ಒಳಗೆ ಬಿಚ್ಚಿದರೆ ಬಿಳಿ ಉಪ್ಪಿನ ಪದರ, ಉಗುರಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಹೋಸ್‌ಗಳನ್ನು ಲೋಹದ ತುದಿಯ ಹತ್ತಿರ ಬಗ್ಗಿಸಿ ತೋರಿಸಿದರು, ರಬ್ಬರ್ ಬಿರುಕು ಬಿಟ್ಟಿತ್ತು. "ಇದಕ್ಕೆ ಸರ್ವಿಸ್ ಆಗಿ ಎಷ್ಟೋ ವರ್ಷ ಆಗಿದೆ" ಅಂದರು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗೊಮ್ಮೆ ಆಗಬೇಕು, ಕೆಲವು ಕಂಪನಿಗಳು ಎರಡು ವರ್ಷ ಅನ್ನುತ್ತವೆ. ಇನ್ನೂ ಕೆಟ್ಟ ಸುದ್ದಿ ಆಮೇಲೆ ಬಂತು. ಆ ಮಾಡೆಲ್ ತಯಾರಿಕೆ ನಿಂತುಹೋಗಿದೆ, ಬಿಡಿಭಾಗದ ಕಿಟ್ ಎಲ್ಲೂ ಸಿಗುತ್ತಿಲ್ಲ. ಅಂದರೆ ದುಡ್ಡು ಹಾಕಿದರೂ ಸರಿಮಾಡುವ ಹಾಗಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮನೆಗೆ ಬಂದು ಡೈವ್ ಕಂಪ್ಯೂಟರ್‌ನ ಬಟನ್‌ಗಳನ್ನೆಲ್ಲ ಒತ್ತುತ್ತಾ ಕೂತಿದ್ದೆ. ಹಳೆಯ ಡೈವ್‌ಗಳ ಲೆಕ್ಕ ಅದರಲ್ಲೇ ಉಳಿದಿರುತ್ತೆ ಅಂತ ನನಗೆ ಹೊಳೆದಿರಲೇ ಇಲ್ಲ. ಒಟ್ಟು ಡೈವ್: 312.

ಐದಲ್ಲ. ಮುನ್ನೂರ ಹನ್ನೆರಡು.

ಆ ಸಣ್ಣ ಪರದೆಯನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅವನು ಆ ಲೆಕ್ಕವನ್ನು ಅಳಿಸುವ ತೊಂದರೆಯನ್ನೂ ತಗೊಂಡಿರಲಿಲ್ಲ. ಇವಳಿಗೆ ನೋಡಲು ಬರುವುದಿಲ್ಲ ಅಂತ ಅಷ್ಟು ಧೈರ್ಯ. ಹಸಿರು ಫಿಲ್ಟರ್‌ಗಿಂತ ಇದು ಜಾಸ್ತಿ ಚುಚ್ಚಿತು.

ಫೋಟೋ ತೆಗೆದು ಕಳಿಸಿದೆ. ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ. ಮೊದಲು: "ಆ ಕಂಪ್ಯೂಟರ್ ನನ್ನ ಫ್ರೆಂಡ್‌ದು ಮೇಡಂ, ಸೆಟ್ ಐದೇ ಸಲ." ಫಿಲ್ಟರ್ ಫೋಟೋ ಕಳಿಸಿದ ಮೇಲೆ: "ನೀವು ತೊಳೆಯುವಾಗ ನೀರು ಹೋಗಿರಬೇಕು." ನಾನು ಅದನ್ನು ನೀರಿಗೇ ಇಳಿಸಿರಲಿಲ್ಲ! ಹಾಗಂತ ಬರೆದೆ. ಆಗ: "ಸೆಕೆಂಡ್ ಹ್ಯಾಂಡ್ ಮಾಲು ಇದ್ದ ಹಾಗೇ ತಗೋಬೇಕು. ಉಸಿರಾಡಿ ನೋಡಿ ತಾನೇ ತಗೊಂಡಿದ್ದು?" ಹೌದು. ನೋಡಿಯೇ ತಗೊಂಡೆ. ಅದಕ್ಕೇ ಹೊಟ್ಟೆ ಉರಿಯುವುದು. ದುಡ್ಡು ವಾಪಸ್ ಕೇಳಿದ್ದಕ್ಕೆ: "ಇಷ್ಟು ಭಯ ಇದ್ದರೆ ಡೈವಿಂಗ್ ನಿಮಗಲ್ಲ." ಆಮೇಲೆ ನಂಬರ್ ಬ್ಲಾಕ್.

ಕೆಟ್ಟ ರೆಗ್ಯುಲೇಟರ್ ಮಾರಿ, ಕೊಂಡವಳಿಗೆ ಭಯ ಜಾಸ್ತಿ ಅಂತ ಹೇಳುವವನಿಗೆ ಏನು ಹೇಳೋಣ? ನೀರಿನ ಕೆಳಗೆ ಅದು ಕೈಕೊಟ್ಟಿದ್ದರೆ? ಹೊಸಬರು ಗಾಬರಿಯಾಗಿ ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುತ್ತಾರೆ, ಶ್ವಾಸಕೋಶಕ್ಕೆ ಪೆಟ್ಟಾಗುವುದು ಹಾಗೆಯೇ. ಇದು ಅವನಿಗೆ ಗೊತ್ತಿಲ್ಲವಾ? ಮುನ್ನೂರು ಡೈವ್ ಮಾಡಿದವನಿಗೆ?

ಉಳಿದ ಸಾಮಾನಿನ ಕಥೆ ಬೇಗ ಹೇಳುತ್ತೇನೆ. ಬಿಸಿಡಿಗೆ ಗಾಳಿ ತುಂಬಿ ರಾತ್ರಿ ಇಟ್ಟೆ, ಬೆಳಿಗ್ಗೆ ಚಪ್ಪಟೆ. ಅವನು ತೋರಿಸಿದಾಗ ಎರಡು ನಿಮಿಷ ಉಬ್ಬಿ ನಿಂತಿತ್ತು, ನನಗೆ ಅಷ್ಟೇ ಸಾಕಾಗಿತ್ತು. ಅಲ್ಲದೆ ನನಗೆ ಒಂದು ಸೈಜ್ ದೊಡ್ಡದು, ಗಾಳಿ ತುಂಬಿದರೆ ಕಿವಿಯವರೆಗೆ ಏರುತ್ತೆ. ವೆಟ್‌ಸೂಟ್ 5 ಮಿಲಿಮೀಟರ್ ಅಂತ ಬರೆದಿದೆ, ಆದರೆ ಎದೆ ಮತ್ತು ಮಂಡಿಯ ಹತ್ತಿರ ಒತ್ತಿ ನೋಡಿದರೆ ಸ್ಪಂಜು ಸತ್ತಿದೆ. ಸಾಕಷ್ಟು ಸಲ ಆಳಕ್ಕೆ ಹೋಗಿ ಬಂದ ನಿಯೋಪ್ರೀನ್ (ಆ ಸೂಟಿನ ಸ್ಪಂಜು ರಬ್ಬರ್) ಹಾಗೆ ತೆಳ್ಳಗಾಗುತ್ತೆ, ಅಂಥದ್ದು ಚಳಿ ತಡೆಯಲ್ಲ. ಮಾಸ್ಕ್ ನನ್ನ ಮುಖಕ್ಕೆ ಕೂರುವುದೇ ಇಲ್ಲ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿಂದ ಮೆಲ್ಲಗೆ ಉಸಿರೆಳೆದು ಕೈಬಿಟ್ಟರೆ ಮಾಸ್ಕ್ ಅಂಟಿ ನಿಲ್ಲಬೇಕು. ಇದು ತಕ್ಷಣ ಬೀಳುತ್ತೆ. ಫಿನ್ಸ್ ಮಾತ್ರ ಪರವಾಗಿಲ್ಲ.

ಹಳೇದು ಕೊಳ್ಳಲೇಬೇಡಿ ಅಂತ ನಾನು ಹೇಳಲ್ಲ. ರೆಗ್ಯುಲೇಟರ್ ಆದರೆ ದುಡ್ಡು ಕೊಡುವ ಮುಂಚೆ ರಿಪೇರಿಯವರ ಮುಂದೆ ಇಡಿಸಿ. ಮಾರುವವನು ಒಪ್ಪದಿದ್ದರೆ ಎದ್ದು ಬನ್ನಿ. ಮಾಡೆಲ್ ಹೆಸರು ಮೊದಲೇ ಕೇಳಿ, ಬಿಡಿಭಾಗ ಸಿಗುತ್ತಾ ವಿಚಾರಿಸಿ. ಮುಚ್ಚಳ ತೆಗೆದು ಫಿಲ್ಟರ್‌ನ ಬಣ್ಣ ನೋಡಿ, ಕಂಪ್ಯೂಟರ್‌ನಲ್ಲಿ ಒಟ್ಟು ಡೈವ್ ಎಷ್ಟು ನೋಡಿ. ಗೇಜಿನ ಮುಳ್ಳು ಅಲುಗಾಡಿದರೆ ಮೊದಲು ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ, ತೆರೆದಿದ್ದೂ ಅಲುಗಾಡಿದರೆ ಮಾತೇ ಬೇಡ. ಜೊತೆಗೆ ಅನುಭವ ಇರುವ ಒಬ್ಬರನ್ನು ಕರೆದುಕೊಂಡು ಹೋಗಿ, ನಾನು ಒಬ್ಬಳೇ ಹೋಗಿದ್ದೆ.

ನಾನೀಗ ಮಾಸ್ಕ್ ಒಂದು ಹೊಸದು ತಗೊಂಡಿದ್ದೇನೆ, ಅಂಗಡಿಯಲ್ಲಿ ಏಳೆಂಟು ಹಾಕಿ ನೋಡಿ. ಉಳಿದದ್ದು ಬಾಡಿಗೆ. ಆ ಹಸಿರು ಫಿಲ್ಟರ್ ಸಣ್ಣ ಪ್ಲಾಸ್ಟಿಕ್ ಕವರ್‌ನಲ್ಲಿ ನನ್ನ ಹತ್ತಿರವೇ ಇದೆ. "ಐದೇ ಸಲ ಬಳಸಿದ್ದು" ಅನ್ನುವ ಸೆಟ್ ನೋಡಲು ಯಾರಾದರೂ ಹೊರಟಿದ್ದರೆ ನನಗೆ ಬರೆಯಿರಿ, ಫೋಟೋ ಕಳಿಸುತ್ತೇನೆ. ಅಲ್ಲಿ ಕಾಣುವುದರ ಪಕ್ಕ ಇಟ್ಟು ನೋಡಿ.