ಹತ್ತು ನಿಮಿಷದ ಡೆಲಿವರಿಯೋ, ನಾಳೆ ಬರುವ ವ್ಯಾನೋ?

ಬೆಂಗಳೂರಿನಲ್ಲಿ ದಿನಸಿ ತರಿಸುವವರಿಗೆ ಎರಡು ದಾರಿ. ತಕ್ಷಣದ ಡೆಲಿವರಿಯಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಬೈಕ್ ರಸ್ತೆಗಿಳಿಯುತ್ತದೆ. ಆರ್ಡರ್ ಮುಗಿಸಿದಷ್ಟೇ ಸವಾರನ ಸಂಪಾದನೆ. ಹಾಗಾಗಿ ಒನ್‌ವೇಯಲ್ಲಿ ಎದುರು ನುಗ್ಗುವ, ಸಿಗ್ನಲ್ ದಾಟಿಬಿಡುವ ಒತ್ತಡ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇದು ಗೊತ್ತಿದ್ದೂ ಉಪ್ಪಿಗಾಗಿ ಇನ್ನೊಬ್ಬರನ್ನು ಓಡಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ದಾರಿ, ಮರುದಿನ ಬರುವ ವ್ಯಾನ್. ಅದು ಒಂದೇ ಸುತ್ತಿನಲ್ಲಿ ಹಲವು ಮನೆ ಮುಗಿಸುತ್ತದೆ. ಅದೂ ಪೂರ್ತಿ ಸುರಕ್ಷಿತವಲ್ಲ: ಇಕ್ಕಟ್ಟಾದ ಕ್ರಾಸ್‌ಗಳಲ್ಲಿ ಅಡ್ಡ ನಿಲ್ಲುತ್ತದೆ, ರಿವರ್ಸ್ ತೆಗೆಯುವಾಗ ಹಿಂದಿರುವ ಮಗು ಚಾಲಕನಿಗೆ ಕಾಣದೆ ಹೋಗಬಹುದು. ಆದರೂ ನನ್ನ ಆಯ್ಕೆ ವ್ಯಾನೇ. ಮಕ್ಕಳು ಶಾಲೆಯಿಂದ ಬರುವ ಹೊತ್ತು ಬಿಟ್ಟು ಸ್ಲಾಟ್ ಆರಿಸಿ, ವಾರದ ಸಾಮಾನನ್ನು ಒಂದೇ ಆರ್ಡರಿಗೆ ಸೇರಿಸಿ. ತುರ್ತು ಔಷಧಿಗಷ್ಟೇ ಬೈಕ್. ಹಾಲು, ಸೊಪ್ಪಿಗೆ ಬೀದಿ ಕೊನೆಯ ಅಂಗಡಿ ಸಾಕು.