ತುಮಕೂರಿನ ಲಗ್ನಪತ್ರಿಕೆ ಅಂಗಡಿಗಳು: ಅಕ್ಷರ ಜೋಡಣೆಗೆ 5ಕ್ಕೆ 4, ಪ್ರೂಫಿಗೆ 5ಕ್ಕೆ 2
'ಆರತಕ್ಷತೆ' ಬದಲು 'ಆತರಕ್ಷತೆ' ಎಂದು ಅಚ್ಚಾದರೂ ಮದುವೆಗೆ ಬರುವವರು ಸರಿಯಾಗಿಯೇ ಓದಿಕೊಳ್ಳುತ್ತಾರೆ. ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಕರಡು, ನೋಡುವವರೂ ಹಾಗೇ ಓದಿಬಿಡುವುದರಿಂದ ತಪ್ಪು ಅಚ್ಚಿನವರೆಗೆ ಹೋಗುತ್ತದೆ.

ತುಮಕೂರು ಪೇಟೆಯ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ) ಅಂಗಡಿಗಳಲ್ಲಿ ಜೋಡಣೆಯ ಕೆಲಸ ಚೆನ್ನಾಗಿದೆ. ಸಾಲುಗಳ ಅಂತರ, ವಧೂವರರ ಹೆಸರಿನ ಗಾತ್ರ, ದೇವರ ಚಿತ್ರ ಕೂರಿಸುವ ಜಾಗ, ಯಾವುದರಲ್ಲೂ ಕೊರತೆ ಹೇಳುವಂತಿಲ್ಲ. ಕೈಕೊಡುವುದು ಪ್ರೂಫ್. ಅದು ಬರುವುದು ವಾಟ್ಸಾಪ್ ಚಿತ್ರವಾಗಿ. ಕಳಿಸುವಾಗ ಚಿತ್ರ ಕುಗ್ಗಿ ಒತ್ತಕ್ಷರಗಳು ಮಸುಕಾಗುತ್ತವೆ. ಬಸ್ಸಿನಲ್ಲಿ ಕೂತು ಒಂದು ಸಲ ಕಣ್ಣಾಡಿಸಿ 'ಓಕೆ' ಒತ್ತಿದರೆ ಆಮೇಲಿನ ಹೊಣೆ ಗಿರಾಕಿಯದೇ.

ಪದದೊಳಗಿನ ಅಕ್ಷರ ಅದಲುಬದಲಾದರೂ ಓದಲಾಗುತ್ತದೆ ಎಂಬ ಬಗ್ಗೆ ಗ್ರಹಾಂ ರಾಲಿನ್ಸನ್ 1976ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪ್ರಬಂಧ ಬರೆದರು. 2003ರಲ್ಲಿ ಕೇಂಬ್ರಿಜ್ ಹೆಸರು ಹೊತ್ತು ಊರೂರು ಸುತ್ತಿದ ಇಮೇಲ್ ಮಾತ್ರ ಉತ್ಪ್ರೇಕ್ಷೆ. ಮೊದಲ, ಕೊನೆಯ ಅಕ್ಷರ ಸರಿಯಿದ್ದರೆ ಸಾಕು ಎಂದು ಅದು ಸಾರಿತು; ಆ ಸಂಶೋಧನೆ ಕೇಂಬ್ರಿಜ್‌ನಲ್ಲಿ ನಡೆದೇ ಇರಲಿಲ್ಲ. ಓದುವಿಕೆಯ ಸಂಶೋಧಕ ಕೀತ್ ರೇನರ್ ಮತ್ತು ಸಂಗಡಿಗರು 2006ರಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಓದಿಸಿ ಅಳೆದಾಗ, ನಡುವಿನ ಅಕ್ಷರ ಕದಲಿದರೆ ವೇಗ ಸುಮಾರು ಶೇ 11, ಕೊನೆಯದು ಕದಲಿದರೆ ಶೇ 26, ಮೊದಲಿನದು ಕದಲಿದರೆ ಶೇ 36 ಇಳಿಯಿತು. ಅಂದರೆ ನಡುವಿನ ತಪ್ಪಿಗೆ ಕಣ್ಣು ಹೆಚ್ಚು ತಡವರಿಸುವುದಿಲ್ಲ. ಊರಿನ ಹೆಸರುಗಳಲ್ಲಿ 'ಚಿಕ್ಕನಾಯಕನಹಳ್ಳಿ' ಅಷ್ಟುದ್ದ ಇರುವುದರಿಂದ 'ಚಿಕ್ಕನಾಕಯನಹಳ್ಳಿ' ಸುಲಭವಾಗಿ ನುಸುಳುತ್ತದೆ; 'ಗುಬ್ಬಿ'ಯಲ್ಲಿ ಅಂಥ ಆಟ ನಡೆಯದು.

ಕನ್ನಡಕ್ಕೆ ಇದಕ್ಕಿಂತ ದೊಡ್ಡ ಕಾಟ ಅರ್ಕಾವತ್ತು, ಅಂದರೆ ಅಕ್ಷರದ ನಂತರ ಬರೆದರೂ ಮೊದಲು ಓದುವ 'ರ್' ಚಿಹ್ನೆ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫೈಲಿನಲ್ಲಿ ಅದು ಕಾಣುವ ಜಾಗದಲ್ಲೇ, ಅಕ್ಷರದ ನಂತರ ಉಳಿದಿರುತ್ತದೆ. ಮೊಬೈಲು, ಅಂತರ್ಜಾಲಗಳಲ್ಲಿ ಬಳಸುವ ಅಕ್ಷರಸಂಕೇತವಾದ ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ 'ರ್' ಮೊದಲು ಬರಬೇಕು. ನುಡಿಯಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ತಂತ್ರಾಂಶ ಈ ಸ್ಥಾನ ಬದಲಿಸದಿದ್ದರೆ 'ಮುಹೂರ್ತ' ಹೋಗಿ 'ಮುಹೂತರ್', 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗುತ್ತದೆ. 'ಆಶೀವರ್ಾದ'ದಂಥ ಕಡೆ ಕೆಲವು ಫಾಂಟುಗಳು ಚುಕ್ಕಿಗಳ ವೃತ್ತ (◌) ತೋರಿಸಿ ಎಚ್ಚರಿಸುತ್ತವೆ. 'ಕಾಯರ್ಕ್ರಮ'ದಲ್ಲಿ ಆ ಸುಳಿವೂ ಇಲ್ಲ. ಅರ್ಕಾವತ್ತು ಒಂದು ಮನೆ ಬಲಕ್ಕೆ ಸರಿದು ಮುಂದಿನ ಅಕ್ಷರದ ಪಕ್ಕ ಸಭ್ಯವಾಗಿ ಕೂತಿರುತ್ತದೆ. ಹೇಗೂ ನಂತರ ಬರೆದದ್ದನ್ನು ಮೊದಲು ಓದಿ ಅಭ್ಯಾಸವಾದ ಕಣ್ಣಲ್ಲವೇ, ಇದನ್ನೂ ಕ್ಷಮಿಸಿಬಿಡುತ್ತದೆ. ಮೊಬೈಲ್ ಆಹ್ವಾನಕ್ಕಾಗಿ ಹಳೆಯ ಪತ್ರಿಕೆಯ ಒಕ್ಕಣೆಯನ್ನೇ ಯೂನಿಕೋಡಿಗೆ ತಿರುಗಿಸಿ ಕೊಟ್ಟಿದ್ದರೆ ಇದನ್ನು ಮೊದಲು ಹುಡುಕಿ. ಆಪರೇಟರ್ ಪಕ್ಕ ಕೂತು ಫೈಲಿನಲ್ಲಿ 'ರ್' ಎಂದು ಹುಡುಕಿಸಿದರೆ ಎರಡೇ ನಿಮಿಷದ ಕೆಲಸ.

ಉಳಿದದ್ದಕ್ಕೆ ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಕೇಳಿ ಪಡೆಯಿರಿ. ಇಬ್ಬರು ಬೇಕು: ಒಬ್ಬರು ಅಚ್ಚಿನ ಹಾಳೆಯನ್ನು ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೈಬರಹದ ಪ್ರತಿಯ ಮೇಲೆ ಬೆರಳಿಡಲಿ. ಬರೆದುಕೊಟ್ಟವರೇ ಓದಬಾರದು, ಏನಿರಬೇಕು ಎಂಬುದು ಅವರ ತಲೆಯಲ್ಲಿ ಮೊದಲೇ ಕೂತಿರುತ್ತದೆ. ಎರಡನೇ ಸುತ್ತು ಕೊನೆಯ ಸಾಲಿನಿಂದ ಮೇಲಕ್ಕೆ, ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಕೊನೆಯ ಪದದಿಂದ ಮೊದಲ ಪದಕ್ಕೆ. ವಾಕ್ಯದ ಅರ್ಥ ಕಡಿದುಹೋದಾಗ ಊಹೆಯ ಬಲ ತಗ್ಗುತ್ತದೆ, 'ಸುಖಾಮಗನ ಬಯಸುವವರು' ಆಗ ಕಣ್ಣಿಗೆ ಹೊಡೆಯುತ್ತದೆ.

ಹೆಸರುಗಳಿಗೆ ಬೇರೆಯೇ ಸುತ್ತು ಬೇಕು. ಅಂಕಿಗಳಿಗೂ ಅಷ್ಟೇ: ದಿನಾಂಕ 12ರ ಜಾಗದಲ್ಲಿ 21 ಬಿದ್ದರೆ ಅಕ್ಕಪಕ್ಕದ ಯಾವ ಪದವೂ ಅದನ್ನು ತಿದ್ದಿಕೊಡುವುದಿಲ್ಲ. ಕ್ಯಾಲೆಂಡರ್ ಪಕ್ಕಕ್ಕಿಟ್ಟು ವಾರ ಹೊಂದಿಸಿ, ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಓದಿಸಿ.

ಹಾಳೆಯ ಮೇಲೆ ಪ್ರೂಫ್ ಕೊಡಲು ತಕರಾರು ಮಾಡದ ಅಂಗಡಿಗೆ ನಾಲ್ಕು ಕಾಸು ಹೆಚ್ಚಾದರೂ ಕೊಡಬಹುದು. 'ವಾಟ್ಸಾಪಲ್ಲೇ ನೋಡ್ಕೊಳಿ ಸಾರ್' ಎನ್ನುವವರ ಹತ್ತಿರ ಖಾಲಿ ಕಾರ್ಡ್ ಮಾತ್ರ ಕೊಳ್ಳಿ.