ಪೆಟ್ಟಿಗೆ ಖಾಲಿ ಮಾಡಿ ಕೊಂಡ ವಾಚು: ಸ್ಪೀಡ್‌ಮಾಸ್ಟರೋ, ಸ್ನೋಫ್ಲೇಕೋ, ಬ್ಲ್ಯಾಕ್ ಬೇಯೋ?

ಗೆದ್ದದ್ದು ಒಮೆಗಾ ಸ್ಪೀಡ್‌ಮಾಸ್ಟರ್. ಕೊನೆಯವರೆಗೂ ಕಾಯಿಸಿ ಹೇಳುವಂಥ ಗುಟ್ಟೇನೂ ಇದರಲ್ಲಿಲ್ಲ. ವರ್ಷಗಟ್ಟಲೆ ಕಣ್ಣಿಟ್ಟಿದ್ದ ವಾಚು ಅದು. ಇಷ್ಟು ದೊಡ್ಡ ಮೊತ್ತ ಸುರಿಯುವ ಮುನ್ನ ನನ್ನ ಹಟವನ್ನೇ ಒಮ್ಮೆ ಒರೆಗೆ ಹಚ್ಚೋಣವೆಂದು ಉಳಿದೆರಡನ್ನು ಕೈಗೆ ಕಟ್ಟಿಕೊಂಡು ಓಡಾಡಿದೆ. ಹಾಗೆಂದು ಇದು ನಾಮಕಾವಸ್ತೆ ಸ್ಪರ್ಧೆಯಾಗಿರಲಿಲ್ಲ. ಒಂದು ಹಂತದಲ್ಲಿ ಗ್ರ್ಯಾಂಡ್ ಸೀಕೊದ ಸ್ನೋಫ್ಲೇಕ್ ನನ್ನನ್ನು ಚೆನ್ನಾಗಿಯೇ ಅಲುಗಾಡಿಸಿತು.

ದುಡ್ಡು ಬರಬೇಕಾಗಿದ್ದದ್ದು ಇದ್ದ ವಾಚುಗಳಿಂದಲೇ. ಲಾಂಜೀನ್ ಹೈಡ್ರೋಕಾಂಕ್ವೆಸ್ಟ್, ಓರಿಸ್ ಪಾಯಿಂಟರ್ ಡೇಟ್, ನೋಮೋಸ್ ಕ್ಲಬ್, ಟಿಸ್ಸೋ ಪಿಆರ್‌ಎಕ್ಸ್, ಸೀಕೊ ಎಸ್‌ಕೆಎಕ್ಸ್ 007, ಹ್ಯಾಮಿಲ್ಟನ್ ಖಾಕಿ. ಒಂದನ್ನೂ ಕೆಟ್ಟದ್ದು ಎನ್ನಲಾಗದು. ಆದರೆ ಆಟೋಮ್ಯಾಟಿಕ್ ವಾಚುಗಳಿಗೆ ಕೀಲಿ ಸುತ್ತುವುದು ಕೈಯ ಅಲುಗಾಟವೇ, ಕೈಯಲ್ಲಿದ್ದರೆ ಮಾತ್ರ ನಡೆಯುತ್ತವೆ. ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಮಲಗಿದರೆ ನಿಂತುಹೋಗುತ್ತವೆ. ಬೆಳಿಗ್ಗೆ ಹೊರಡುವ ಅವಸರದಲ್ಲಿ ಒಂದನ್ನು ಎತ್ತಿಕೊಂಡರೆ ಮೊದಲು ಸಮಯ, ಆಮೇಲೆ ತಾರೀಖು. ತಾರೀಖನ್ನೂ ಕಣ್ಣುಮುಚ್ಚಿ ತಿರುಗಿಸುವಂತಿಲ್ಲ. ಮುಳ್ಳುಗಳು ರಾತ್ರಿ ಒಂಬತ್ತರಿಂದ ಮೂರರ ನಡುವೆ ಎಲ್ಲಾದರೂ ನಿಂತಿದ್ದರೆ ಒಳಗಿನ ತಾರೀಖಿನ ಹಲ್ಲುಚಕ್ರಗಳು ಆಗಲೇ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆಗ ಬಲವಂತ ಮಾಡಿದರೆ ಹಲ್ಲು ಮುರಿಯಬಹುದು. ಆದ್ದರಿಂದ ವಾಚು ತೋರಿಸುತ್ತಿರುವುದು ಹಗಲೋ ರಾತ್ರಿಯೋ ಎಂದು ತಿಳಿಯಲು ಮುಳ್ಳನ್ನು ಸುತ್ತಿಸಿ, ತಾರೀಖು ಯಾವಾಗ ಜಿಗಿಯುತ್ತದೆಂದು ಕಾಯಬೇಕು. ಎಸ್‌ಕೆಎಕ್ಸ್ ಇದಕ್ಕೂ ಒಂದು ಕೈ ಮೇಲೆ. ಅದರ 7ಎಸ್26 ಯಂತ್ರಕ್ಕೆ ಕೀಲಿ ಕೊಡಲೂ ಬರುವುದಿಲ್ಲ, ಅಲ್ಲಾಡಿಸಿಯೇ ಎಬ್ಬಿಸಬೇಕು.

ಹೀಗಾಗಿ ನನ್ನ ಕೈ ತಾನಾಗಿ ಹೋಗುತ್ತಿದ್ದದ್ದು ಹ್ಯಾಮಿಲ್ಟನ್‌ಗೆ. ಕೀಲಿ ಕೊಡುವ ವಾಚು, ತಾರೀಖಿನ ಕಾಟವಿಲ್ಲ. ಉಳಿದವು ನೋಡಲು ಮಾತ್ರ ಎಂಬಂತಾದವು. ನೋಡಲು ಇಷ್ಟೊಂದು ಏಕೆ ಬೇಕು?

ಮಾರಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಲ ಪೆಟ್ಟಿಗೆ, ವಾರಂಟಿ ಕಾರ್ಡು, ತೆಗೆದಿಟ್ಟ ಚೈನಿನ ಕೊಂಡಿಗಳು ಜೊತೆಗಿದ್ದ ವಾಚುಗಳು ಚೌಕಾಸಿಯಿಲ್ಲದೆ ಹೋದವು. ಕಾರ್ಡು ಕಳೆದದ್ದಕ್ಕೆ ಕೇಳಿದವರೆಲ್ಲ ದರ ಇಳಿಸಿದರು. ಕೊಂಡ ಬೆಲೆಯನ್ನು ಮರೆತು ಕೂರಬೇಕು, ಇಲ್ಲದಿದ್ದರೆ ಒಂದೂ ಮಾರಾಟವಾಗುವುದಿಲ್ಲ. ಮೊದಲು ಮಾರಿ, ಹಣ ಕೈಗೆ ಬಂದ ಮೇಲೆಯೇ ಕೊಳ್ಳುವುದು ಎಂಬ ನಿಯಮವನ್ನು ಮಾತ್ರ ನಾನು ಸಡಿಲಿಸಲಿಲ್ಲ.

ಈಗ ಮೂರರ ಮಾತು.

ಟ್ಯೂಡರ್ ಬ್ಲ್ಯಾಕ್ ಬೇ 58 ನನ್ನ ಭಾವನದು. ಮೂರರಲ್ಲಿ ಅಗ್ಗದ್ದು ಇದೇ, ಬುದ್ಧಿವಂತರ ಆಯ್ಕೆಯೂ ಇದೇ. ಇದನ್ನು ಕೊಂಡಿದ್ದರೆ ಓರಿಸ್ ಮತ್ತು ನೋಮೋಸ್ ಎರಡೂ ನನ್ನ ಬಳಿಯೇ ಉಳಿಯುತ್ತಿದ್ದವು. 39 ಮಿಲಿಮೀಟರಿನ ಅಗಲ ನನ್ನ ಮಣಿಕಟ್ಟಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆಯೂ ನಡೆಯುತ್ತಿರುತ್ತದೆ, 70 ಗಂಟೆಯ ಶಕ್ತಿ. 200 ಮೀಟರ್ ನೀರು ತಡೆಯುತ್ತದೆ, ನಾನು ಈಜುವವನಲ್ಲ. ಚೈನಿನ ಪಕ್ಕದಲ್ಲಿ ಹಳೆಯ ಕಾಲದ್ದೆಂದು ತೋರಿಸಲು ಅಂಟಿಸಿದ ಸುಳ್ಳು ರಿವೆಟ್‌ಗಳು ನನಗೆ ಹಿಡಿಸಲಿಲ್ಲ, ಆದರೆ ಅಷ್ಟಕ್ಕೇ ಯಾರೂ ವಾಚು ಬಿಡುವುದಿಲ್ಲ. ಬಿಟ್ಟದ್ದಕ್ಕೆ ಕಾರಣ ಬೇರೆ. ಲಾಂಜೀನ್ ಕೊಟ್ಟು ಮತ್ತೊಂದು ಮುಳುಗುಗಾರರ (ಡೈವರ್) ವಾಚನ್ನು ತರುವುದೆಂದರೆ ಅದೇ ಗೂಡಿಗೆ ಅದೇ ಜಾತಿಯದನ್ನು ತಂದು ಕೂರಿಸಿದಂತೆ. ಭಾವನ ವಾಚು ಕಟ್ಟಿಕೊಂಡಿದ್ದಾಗಲೂ ರಾತ್ರಿ ಮೊಬೈಲ್‌ನಲ್ಲಿ ನೋಡುತ್ತಿದ್ದದ್ದು ಸ್ಪೀಡ್‌ಮಾಸ್ಟರ್ ಚಿತ್ರಗಳನ್ನೇ.

ಸ್ನೋಫ್ಲೇಕ್ ಹಾಗಲ್ಲ. ಗೆಳೆಯನೊಬ್ಬ ಧಾರಾಳವಾಗಿ ಬಿಟ್ಟುಕೊಟ್ಟಿದ್ದರಿಂದ ಅದನ್ನು ಸಾಕಷ್ಟು ದಿನ ಕಟ್ಟಿಕೊಂಡೆ. ಎಸ್‌ಬಿಜಿಎ 211 ಎಂಬ ಸಂಖ್ಯೆಯ ಈ ವಾಚಿನ ಬಿಳಿ ಡಯಲ್ ದೂರದಿಂದ ಸಾದಾ ಬಿಳುಪು. ಕಿಟಕಿಯ ಬಳಿ ವಾಲಿಸಿ ಹಿಡಿದರೆ ಗಾಳಿ ತೀಡಿ ಹೋದ ಹಿಮದ ಮೇಲ್ಮೈ ಕಾಣುತ್ತದೆ, ಅದರ ಮೇಲೆ ನೀಲಿ ಸೆಕೆಂಡಿನ ಮುಳ್ಳು ಸದ್ದಿಲ್ಲದೆ ಜಾರುತ್ತದೆ. ಟಿಕ್ ಟಿಕ್ ಎನ್ನುವ ಕುಪ್ಪಳಿಕೆ ಇಲ್ಲವೇ ಇಲ್ಲ. ಸ್ಪ್ರಿಂಗ್ ಡ್ರೈವ್ ಎಂಬ ಯಂತ್ರದ ಚಮತ್ಕಾರ ಅದು: ಶಕ್ತಿ ಕೊಡುವುದು ಮಾಮೂಲಿ ಸುರುಳಿ ಸ್ಪ್ರಿಂಗ್, ಬ್ಯಾಟರಿ ಇಲ್ಲ, ಆದರೆ ಚಕ್ರದ ವೇಗವನ್ನು ಹದ್ದುಬಸ್ತಿನಲ್ಲಿಡಲು ಕ್ವಾರ್ಟ್ಜ್ ಸ್ಫಟಿಕದ ಮಿಡಿತದ ಲೆಕ್ಕವನ್ನು ನೋಡಿಕೊಂಡು ವಿದ್ಯುತ್ಕಾಂತೀಯ ಬ್ರೇಕ್ ಹಿಡಿಯುತ್ತದೆ. ತಿಂಗಳಿಗೆ ಹೆಚ್ಚೆಂದರೆ 15 ಸೆಕೆಂಡ್ ಆಚೀಚೆ. ಟೈಟಾನಿಯಂ ಆದ್ದರಿಂದ ಚೈನೂ ಸೇರಿ 100 ಗ್ರಾಂ ಮಾತ್ರ. ನಿಖರತೆ, ಕೈಕೆಲಸ ಇವೆರಡರಲ್ಲೂ ಸ್ಪೀಡ್‌ಮಾಸ್ಟರ್ ಇದರ ಹತ್ತಿರ ಸುಳಿಯದು. ಒಪ್ಪಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಆದರೆ ಆ ಚೈನಿನ ಲಾಕ್!

ಮಣಿಕಟ್ಟು ದಿನವಿಡೀ ಒಂದೇ ಅಳತೆಯಲ್ಲಿರುವುದಿಲ್ಲ. ಬೆಳಗಿನ ತಂಪಿಗೆ ಸ್ವಲ್ಪ ಇಳಿದಿರುತ್ತದೆ, ಮಧ್ಯಾಹ್ನದ ಸೆಕೆಗೆ ಊದಿಕೊಳ್ಳುತ್ತದೆ. ಇದಕ್ಕೆಂದೇ ಚೈನುಗಳ ಲಾಕಿನಲ್ಲಿ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಸರಿಸುವ ಏರ್ಪಾಡು ಇರುತ್ತದೆ. ಸ್ನೋಫ್ಲೇಕ್‌ನ ಲಾಕಿನಲ್ಲಿ ಅದಿಲ್ಲ. ಅಳತೆ ಬದಲಿಸಬೇಕೆಂದರೆ ಕೊಂಡಿಯನ್ನೇ ಹಾಕಬೇಕು, ಇಲ್ಲವೇ ತೆಗೆಯಬೇಕು. ಬೆಳಿಗ್ಗೆ ಹಿತವಾಗಿದ್ದ ಚೈನು ಊಟದ ಹೊತ್ತಿಗೆ ಚರ್ಮದ ಮೇಲೆ ಅಚ್ಚೊತ್ತುತ್ತಿತ್ತು. ಸಭೆಗಳಲ್ಲಿ ಮೇಜಿನ ಕೆಳಗೆ ಲಾಕ್ ತೆರೆದು ಕೈಗೆ ಉಸಿರಾಡಲು ಬಿಡುತ್ತಿದ್ದೆ. ಮುಚ್ಚುವಾಗ ಕ್ಲಿಕ್ ಎಂದರೆ ಎಲ್ಲರೂ ಇತ್ತ ತಿರುಗುತ್ತಿದ್ದರು.

ಸರಿ, ಗೆಳೆಯನನ್ನು ಕೇಳಿ ಒಂದು ಗಿಡ್ಡ ಕೊಂಡಿ ಸೇರಿಸಿದ್ದಾಯಿತು. ಈಗ ಮಧ್ಯಾಹ್ನ ಸುಖ, ಬೆಳಿಗ್ಗೆ ಫಜೀತಿ. ವಾಚು ಮಣಿಕಟ್ಟಿನ ಮೂಳೆ ದಾಟಿ ಹೊರಮಗ್ಗುಲಿಗೆ ವಾಲಿಕೊಳ್ಳುತ್ತಿತ್ತು, ಕ್ರೌನ್, ಅಂದರೆ ಪಕ್ಕದ ಕೀಲಿಯ ಗುಬುಟು, ಅಂಗೈಯ ಹಿಂಬದಿಗೆ ಚುಚ್ಚುತ್ತಿತ್ತು. ಸಮಯ ನೋಡಲು ಪ್ರತಿ ಬಾರಿಯೂ ಅದನ್ನು ಎಳೆದು ನೇರ ಮಾಡಬೇಕು. ಲಾಕಿನ ಈ ಕಡೆಯ ಕೊಂಡಿ ಆ ಕಡೆಗೆ, ಆ ಕಡೆಯದು ಈ ಕಡೆಗೆ ಹಾಕಿಯೂ ನೋಡಿದೆವು. ಸ್ಥಾನ ಬದಲಾಯಿತು, ಕಿರಿಕಿರಿ ಬದಲಾಗಲಿಲ್ಲ. ನನ್ನನ್ನು ಕೆರಳಿಸಿದ್ದೇನೆಂದರೆ, ಪೆಟ್ಟಿಗೆಯಲ್ಲೇ ಅಗ್ಗದ್ದಾದ ಎಸ್‌ಕೆಎಕ್ಸ್‌ನ ಲಾಕಿನಲ್ಲಿ ಸಾಲು ತೂತುಗಳಿದ್ದವು. ಗುಂಡುಸೂಜಿಯ ತುದಿಯಿಂದ ಪಿನ್ ಅದುಮಿ ಪಕ್ಕದ ತೂತಿಗೆ ಜಾರಿಸಿದರೆ ಕೆಲಸ ಮುಗಿಯುತ್ತಿತ್ತು. ಅದೇ ಮನೆತನದ ದುಬಾರಿ ವಾಚಿಗೆ ಆ ಭಾಗ್ಯವಿಲ್ಲ.

‘ಚರ್ಮದ ಪಟ್ಟಿ ಹಾಕಿಕೊಂಡರೆ ಮುಗಿಯಿತಲ್ಲ ಮಾರಾಯ’ ಎಂದ ಗೆಳೆಯ. ಮುಗಿಯುತ್ತದೆ, ನಿಜ. ಆದರೆ ಟೈಟಾನಿಯಂ ಚೈನಿಗೂ ಸೇರಿಸಿ ಹಣ ತೆತ್ತು, ಅದನ್ನು ಕಪಾಟಿನಲ್ಲಿ ಇಡುವುದೇ? ಅವನ ಮಣಿಕಟ್ಟು ಚಪ್ಪಟೆ, ಅವನಿಗೆ ಈ ತೊಂದರೆಯೇ ಇಲ್ಲ. ನಿಮಗೂ ಇಲ್ಲದಿದ್ದರೆ ಈ ನಾಲ್ಕು ಪ್ಯಾರಾ ಮರೆತುಬಿಡಿ.

ಇನ್ನು ಸ್ಪೀಡ್‌ಮಾಸ್ಟರ್. ನಾಸಾ 1965ರಲ್ಲಿ ಗಗನಯಾತ್ರಿಗಳಿಗಾಗಿ ಒಪ್ಪಿದ್ದು, 1969ರಲ್ಲಿ ಬಜ್ ಆಲ್ಡ್ರಿನ್ ಕೈಯಲ್ಲಿ ಚಂದ್ರನ ಮೇಲೆ ಓಡಾಡಿದ್ದು, ಎಲ್ಲ ಗೊತ್ತಿರುವುದೇ. ನನ್ನನ್ನು ಹಿಡಿದದ್ದು ಚಂದ್ರನಲ್ಲ, ಆ ಮುಖ. ಕಪ್ಪು ಡಯಲ್, ಬಿಳಿ ಮುಳ್ಳು, ಮೂರು ಸಣ್ಣ ವೃತ್ತ. ಒಂದು ಗೆರೆಯೂ ಹೆಚ್ಚಿಲ್ಲ. ಹ್ಯಾಮಿಲ್ಟನ್‌ನಂತೆ ಇದೂ ಕೀಲಿ ಕೊಡುವ ವಾಚೇ. ನಾನು ಕೊಂಡದ್ದು 3861 ಎಂಬ ಸಂಖ್ಯೆಯ ಯಂತ್ರವಿರುವ, ಹೆಸಲೈಟ್ ಗಾಜಿನ, 2021ರಲ್ಲಿ ಬಂದ ಮಾದರಿ. ಕ್ರೌನ್ ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಹಿಂದಿನ 1861 ಸಂಖ್ಯೆಯ ಯಂತ್ರದಲ್ಲಿ ನಿಲ್ಲುತ್ತಿರಲಿಲ್ಲ.

ಹೆಸಲೈಟ್ ಎಂದರೆ ಅಕ್ರಿಲಿಕ್. ಗೀರು ಬೀಳುತ್ತದೆ, ಬಿದ್ದಿದೆ ಕೂಡ, ಬಾಗಿಲಿನ ಚೌಕಟ್ಟಿಗೆ ತಗುಲಿ. ಪಾಲಿಶ್ ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ಐದು ನಿಮಿಷ ಉಜ್ಜಿದರೆ ಮಾಯ. ಸಫೈರ್ ಗಾಜಿನ ಮಾದರಿಗೆ ಗೀರಿನ ಚಿಂತೆಯಿಲ್ಲ, ಹಿಂಬದಿಯಿಂದ ಯಂತ್ರವೂ ಕಾಣುತ್ತದೆ. ಆದರೆ ಅಂಚಿನಲ್ಲಿ ಹಾಲುಬಣ್ಣದ ಬಳೆಯೊಂದು ಮೂಡಿ ಡಯಲಿನ ಕಪ್ಪನ್ನು ತೆಳುವಾಗಿಸುತ್ತದೆ. ಮೇಲಾಗಿ ಬೆಲೆಯೂ ಹೆಚ್ಚು. ಆ ವ್ಯತ್ಯಾಸದ ಹಣದಲ್ಲಿ ನನ್ನ ಹ್ಯಾಮಿಲ್ಟನ್ ಮಾರಾಟದಿಂದ ಪಾರಾಯಿತು. ಹೆಸಲೈಟ್‌ನ ನಟ್ಟನಡುವೆ ಒಮೆಗಾ ಚಿಹ್ನೆಯನ್ನು ಎಷ್ಟು ಸಣ್ಣದಾಗಿ ಒತ್ತಿದ್ದಾರೆಂದರೆ, ಮುಳ್ಳುಗಳ ತಿರುಗಣೆಯ ನೇರ ಮೇಲೆ ದೀಪದ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಒಂದು ಕ್ಷಣ ಮಿನುಗಿ ಮರೆಯಾಗುತ್ತದೆ. ಅದನ್ನು ಹುಡುಕುವುದು ನನಗೊಂದು ಚಟವಾಗಿದೆ.

ಇದಕ್ಕೂ ಕೊರತೆಗಳಿವೆ. ಕ್ರೌನ್ ಸಣ್ಣದು, ಎರಡೂ ಕಡೆಯ ಲೋಹದ ದಂಡೆಗಳ ನಡುವೆ ಹುದುಗಿ ಕೂತಿದೆ; ದಿನಾ ಕೀಲಿ ಕೊಡುವವರ ಬೆರಳ ತುದಿಗೆ ಅದು ತಿಳಿಯುತ್ತದೆ. ನೀರಿಗೆ 50 ಮೀಟರ್ ಅಷ್ಟೇ. ಕ್ರೋನೋಗ್ರಾಫ್ (ಒಳಗೇ ಸ್ಟಾಪ್‌ವಾಚ್ ಇರುವ ವಾಚು) ಆದ್ದರಿಂದ ಸರ್ವಿಸ್ ಖರ್ಚು ಸಾದಾ ವಾಚಿಗಿಂತ ಹೆಚ್ಚು. ವೇಗ ಅಳೆಯಲೆಂದು ಅಂಚಿನ ಸುತ್ತ ಬರೆದಿರುವ ಟ್ಯಾಕಿಮೀಟರ್ ಅಂಕಿಗಳನ್ನು ಯಾರಾದರೂ ಬಳಸುತ್ತಾರೆಯೇ, ದೇವರೇ ಬಲ್ಲ. ಲಾಕಿನಲ್ಲಿ ಎರಡೇ ಸ್ಥಾನ. ದೊಡ್ಡ ಸೌಕರ್ಯವೇನಲ್ಲ, ಆದರೆ ನನ್ನ ಮಣಿಕಟ್ಟಿನ ಅಳತೆ ಅದರೊಳಗೆ ಬಿತ್ತು.

ದಿನಾ ಒಂದೇ ವಾಚು ಕಟ್ಟುವವರು, ಕೀಲಿ ಕೊಡುವುದನ್ನು ಕೆಲಸವೆಂದುಕೊಳ್ಳದವರು ಸ್ಪೀಡ್‌ಮಾಸ್ಟರ್ ತೆಗೆದುಕೊಳ್ಳಲಿ. ಸಂಗ್ರಹದಲ್ಲಿ ಒಂದೆರಡನ್ನಾದರೂ ಬಿಡಲಾರೆ ಎನ್ನುವವರಿಗೆ ಬ್ಲ್ಯಾಕ್ ಬೇ ಸರಿ, ಅದರಲ್ಲಿ ನಷ್ಟವೇನಿಲ್ಲ. ಸ್ನೋಫ್ಲೇಕ್ ಬೇಕೆನಿಸಿದರೆ ಅಂಗಡಿಯ ತಂಪಿನಲ್ಲಿ ಅರ್ಧ ಗಂಟೆ ಕಟ್ಟಿ ತೀರ್ಮಾನಿಸಬೇಡಿ; ಯಾರದಾದರೂ ಸಿಕ್ಕರೆ ಒಂದು ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ಕಟ್ಟಿಕೊಂಡು ನಡೆದು ನೋಡಿ. ಮಾರಿದವುಗಳಲ್ಲಿ ನೆನಪಾಗುವುದು ಓರಿಸ್ ಒಂದೇ. ಕೊಂಡವರಿಗೆ, ಎಂದಾದರೂ ಮಾರುವುದಾದರೆ ಮೊದಲು ನನಗೆ ತಿಳಿಸಿ ಎಂದು ಹೇಳಿದ್ದೇನೆ, ಹಣವನ್ನು ಎಲ್ಲಿಂದ ಹೊಂದಿಸುವುದೋ ಆಗ ನೋಡೋಣ.